ಹೆರಿಗೆ ಚೀಲದೊಳಗಿನ ವಿಜ್ಞಾನ



ಗೋವಾದ ಕನ್ನಡ ಶಾಲೆಗಳಲ್ಲಿ ಪಾಠ ಮಾಡುವ ನಮಗೆಲ್ಲ ಒಂದು ಸಂಗತಿ ಚೆನ್ನಾಗಿ ಗೊತ್ತು. ಬೈನಾ ಇರಲಿ, ಝುವಾರಿನಗರ ಇರಲಿ, ಮನೆಗೆ ಬಂದ ಕಾಗದವನ್ನು ಓದಿ ಹೇಳುವವರು ಬಹಳ ಸಲ ನಮ್ಮ ವಿದ್ಯಾರ್ಥಿಗಳೇ. ರೇಷನ್ ಕಾರ್ಡು, ಕರೆಂಟು ಬಿಲ್ಲು, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲವೂ ಅವರ ಕೈಗೇ ಬರುತ್ತವೆ. ಹಾಗೇ ಅಮ್ಮನದೋ ಅಕ್ಕನದೋ ಚಿಕ್ಕಮ್ಮನದೋ ಹೆರಿಗೆ ಹತ್ತಿರ ಬಂದಾಗ ಆಸ್ಪತ್ರೆಗೆ ಒಯ್ಯುವ ಚೀಲ ತುಂಬುವ ಕೆಲಸದಲ್ಲೂ ಅವರ ಕೈ ಇರುತ್ತದೆ.

ಒಮ್ಮೆ ನನ್ನ 9ನೇ ತರಗತಿಯಲ್ಲಿ "ಆ ಚೀಲದಾಗ ಏನೇನು ಇಡ್ತೀರಿ?" ಎಂದು ಕೇಳಿದೆ. ಪೌಡರ್ ಡಬ್ಬಿ, ಕಾಡಿಗೆ, ಹಾಲಿನ ಬಾಟಲಿ, ಗ್ರೈಪ್ ವಾಟರ್ ಎಂದು ಉತ್ತರಗಳು ಬಂದವು. ಬೋರ್ಡಿನ ಮೇಲೆ ಹದಿನೈದು ವಸ್ತು ಬರೆದಾಯಿತು. ಅದರಲ್ಲಿ ತಾಯಿಯ ಕಾರ್ಡ್ ಇರಲಿಲ್ಲ, ಕೂಸಿನ ಟೋಪಿಯೂ ಇರಲಿಲ್ಲ. ಹೆರಿಗೆ ಚೀಲ ಎಂದರೆ ಅಂಗಡಿಯ ಸಾಮಾನಿನ ಪಟ್ಟಿಯಲ್ಲ. ತಾಯಿ ಮತ್ತು ಮಗುವಿಗೆ ಆ ಹೊತ್ತಿನಲ್ಲಿ ಇರುವ ನಾಲ್ಕು ಅಪಾಯಗಳು ತಂಪು, ಸೋಂಕು, ರಕ್ತಸ್ರಾವ ಮತ್ತು ತಡ. ಚೀಲದ ಒಂದೊಂದು ವಸ್ತುವೂ ಈ ನಾಲ್ಕರಲ್ಲಿ ಒಂದಕ್ಕೆ ಉತ್ತರವಾಗಿರಬೇಕು. ಆ ಉತ್ತರಗಳೆಲ್ಲ ನಾವು ಕಲಿಸುವ ವಿಜ್ಞಾನ ಪುಸ್ತಕದಲ್ಲೇ ಇವೆ.

ಸರ್ಕಾರಗಳೂ ಇದನ್ನು ಕಂಡುಕೊಂಡಿವೆ. ಫಿನ್ಲೆಂಡ್ ದೇಶ 1938ರಲ್ಲಿ ಬಡ ತಾಯಂದಿರಿಗೆ ಕೂಸಿನ ಬಟ್ಟೆಬರೆಯ ಪೆಟ್ಟಿಗೆಯೊಂದನ್ನು ಕೊಡಲು ಶುರು ಮಾಡಿತು. 1949ರಿಂದ ಅದು ಎಲ್ಲ ತಾಯಂದಿರಿಗೂ ಸಿಕ್ಕಿತು. ಆದರೆ ನಾಲ್ಕು ತಿಂಗಳು ತುಂಬುವುದರೊಳಗೆ ತಪಾಸಣೆಗೆ ಬರಬೇಕು ಎಂಬ ಷರತ್ತಿತ್ತು. ಪೆಟ್ಟಿಗೆಯ ಆಸೆಗೆ ಬಂದ ತಾಯಿಗೆ ವೈದ್ಯರ ಆರೈಕೆಯೂ ಸಿಗುತ್ತಿತ್ತು. ನಮ್ಮ ಕರ್ನಾಟಕದ 'ಮಡಿಲು' ಕಿಟ್ ನೆನಪಿದೆಯಲ್ಲ? ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಸೊಳ್ಳೆ ಪರದೆ, ಹಾಸಿಗೆ ಬಟ್ಟೆ, ಸೋಪು, ಪ್ಯಾಡು, ಕೂಸಿನ ಸ್ವೆಟರ್, ಟೋಪಿ, ಕಾಲುಚೀಲ ಎಲ್ಲ ಅದರಲ್ಲಿ ಸಿಗುತ್ತಿದ್ದವು.

ಟೋಪಿ ಏಕೆ? ಗೋವಾದಾಗ ಸೆಕೆ ಅಲ್ವಾ?

ಇದು ಪಾಲಕರು ಕೇಳುವ ಮೊದಲ ಪ್ರಶ್ನೆ. ಉತ್ತರ ಗಣಿತದಲ್ಲಿದೆ. 1 ಸೆಂ.ಮೀ. ಬದಿಯ ಘನದ ಮೇಲ್ಮೈ 6, ಗಾತ್ರ 1, ಅನುಪಾತ 6. ಬದಿ 2 ಸೆಂ.ಮೀ. ಆದರೆ ಮೇಲ್ಮೈ 24, ಗಾತ್ರ 8, ಅನುಪಾತ 3. ಬದಿ 3 ಆದರೆ ಅನುಪಾತ 2. ವಸ್ತು ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಶಾಖ ಹೊರಹೋಗುವುದು ಮೇಲ್ಮೈಯಿಂದಲೇ. 3 ಕೆ.ಜಿ. ಕೂಸಿಗೆ ಪ್ರತಿ ಕೆ.ಜಿ. ತೂಕಕ್ಕೆ ಇರುವ ಚರ್ಮದ ಹರಹು ದೊಡ್ಡವರಿಗಿಂತ ಸುಮಾರು ಎರಡೂವರೆ ಪಟ್ಟು. ಅದರಲ್ಲೂ ಕೂಸಿನ ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು. ಆದ್ದರಿಂದಲೇ ಟೋಪಿ.

ಜೊತೆಗೆ ಕೂಸು ಹುಟ್ಟುವುದು ಒದ್ದೆಯಾಗಿ. ಚರ್ಮದ ಮೇಲಿನ 1 ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೌಲ್ ಶಾಖ ಬೇಕು. 10 ಗ್ರಾಂ ಆವಿಯಾದರೆ 24 ಕಿಲೋಜೌಲ್. ದೇಹದ ವಿಶಿಷ್ಟೋಷ್ಣವನ್ನು ಕೆ.ಜಿ.ಗೆ 3.5 ಕಿಲೋಜೌಲ್ ಎಂದು ಹಿಡಿದರೆ, 3 ಕೆ.ಜಿ. ಕೂಸಿನ ಉಷ್ಣತೆ 1 ಡಿಗ್ರಿ ಇಳಿಯಲು 10.5 ಕಿಲೋಜೌಲ್ ಹೋದರೆ ಸಾಕು. ಅಂದರೆ ಎರಡು ಚಮಚ ನೀರು ಆವಿಯಾಗಲು ಬೇಕಾದ ಶಾಖವೆಲ್ಲ ಕೂಸಿನ ಮೈಯಿಂದಲೇ ಬಂದರೆ ಉಷ್ಣತೆ 2 ಡಿಗ್ರಿಗೂ ಹೆಚ್ಚು ಇಳಿದೀತು. ಕೂಸಿನ ಸಹಜ ಉಷ್ಣತೆ ಇರುವುದೇ 36.5ರಿಂದ 37.5 ಡಿಗ್ರಿಯೊಳಗೆ. ದೊಡ್ಡವರಿಗೆ ಚಳಿಯಾದರೆ ನಡುಗಿ ಬಿಸಿ ಹುಟ್ಟಿಸಿಕೊಳ್ಳುತ್ತೇವೆ. ನವಜಾತ ಶಿಶು ಹಾಗೆ ನಡುಗಲಾರದು. ಬೆನ್ನು, ಕುತ್ತಿಗೆ, ಮೂತ್ರಪಿಂಡದ ಸುತ್ತ ಇರುವ ಕಂದು ಕೊಬ್ಬನ್ನು ಉರಿಸಿ ಬಿಸಿ ಮಾಡಿಕೊಳ್ಳುತ್ತದೆ. ಆ ದಾಸ್ತಾನು ತೀರಾ ಕಡಿಮೆ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಇನ್ನೂ ಕಡಿಮೆ.

ಹಾಗಾಗಿ ಚೀಲದ ಎಲ್ಲಕ್ಕಿಂತ ಮೇಲೆ ಒಂದು ಚಿಕ್ಕ ಗಂಟು ಇರಲಿ. ಅದರಲ್ಲಿ ಒಗೆದು ಒಣಗಿಸಿದ ಎರಡು ಹತ್ತಿ ಬಟ್ಟೆ, ಒಂದು ಟೋಪಿ, ಒಂದು ಜೊತೆ ಕಾಲುಚೀಲ. ಒಂದು ಬಟ್ಟೆ ಒರೆಸಲು, ಒದ್ದೆಯಾದ ಅದನ್ನು ತೆಗೆದಿಟ್ಟು ಇನ್ನೊಂದರಲ್ಲಿ ಸುತ್ತಲು. ಒದ್ದೆ ಬಟ್ಟೆಯಲ್ಲೇ ಸುತ್ತಿದರೆ ಶಾಖ ಸೋರುವುದು ನಿಲ್ಲುವುದಿಲ್ಲ. ಅಪ್ಪನ ಹಳೇ ಮೆತ್ತನೆ ಧೋತರದ ತುಂಡು ಅಂಗಡಿಯ ಮಿರಮಿರ ಮಿಂಚುವ ಸಿಂಥೆಟಿಕ್ ಸೂಟಿಗಿಂತ ವಾಸಿ. ಅದು ನೀರನ್ನು ಹೀರುತ್ತದೆ. ಹುಟ್ಟಿದ ತಕ್ಷಣ ಸ್ನಾನವೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 24 ಗಂಟೆ ಕಾಯಲು ಹೇಳುತ್ತದೆ.

ತಾಯಿಗೆ ಮುಂದೆ ಗುಂಡಿ ಇರುವ ನೈಟಿ ಅಥವಾ ಕುಬಸ ಇರಲಿ. ಹಾಲುಣಿಸಲು ಅನುಕೂಲ. ಕೂಸನ್ನು ಎದೆಗವಚಿ ಮೈಗೆ ಮೈ ತಾಗಿಸಿ ಇಡಲೂ ಬೇಕು. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೇ ಹೋದಾಗ ಡಾ. ಎಡ್ಗರ್ ರೇ ಚಿಕ್ಕ ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಇವತ್ತು ಅದು 'ಕಾಂಗರೂ ಆರೈಕೆ' ಎಂದು ಜಗತ್ತಿಗೇ ಪಾಠ. ನಮ್ಮ ಅಜ್ಜಿಯರು ಕೂಸನ್ನು ಮಗ್ಗುಲಲ್ಲೇ ಮಲಗಿಸಿಕೊಂಡಾಗಲೂ ಅದಕ್ಕೆ ಬಿಸಿ ಕೊಟ್ಟದ್ದು ತಾಯಿಯ ಮೈಯೇ.

ಟ್ರಂಕಿನ ಬಟ್ಟೆ ಮತ್ತು ಡಾಂಬರ್ ಗುಳಿಗೆ

ಹಳೇ ಬಟ್ಟೆ ಒಳ್ಳೆಯದು ಎಂದೆ. ಆದರೆ ಟ್ರಂಕಿನಲ್ಲಿ ಡಾಂಬರ್ ಗುಳಿಗೆ ಜೊತೆ ಇಟ್ಟ ಬಟ್ಟೆಯನ್ನು ಹಾಗೇ ತೆಗೆದು ಕೂಸಿಗೆ ಸುತ್ತಬಾರದು. ಈ ಗುಳಿಗೆಗಳಲ್ಲಿ ಹಲವು ನ್ಯಾಫ್ಥಲಿನ್. ಉತ್ಪತನಕ್ಕೆ ಉದಾಹರಣೆ ಎಂದು ನಾವು ಪ್ರಯೋಗಾಲಯದಲ್ಲಿ ತೋರಿಸುವ ಅದೇ ವಸ್ತು. ಘನದಿಂದ ನೇರ ಆವಿಯಾಗಿ ಬಟ್ಟೆಯ ಎಳೆ ಎಳೆಯಲ್ಲೂ ಕೂರುತ್ತದೆ. ಕೆಲವು ಮಕ್ಕಳಿಗೆ, ಹೆಚ್ಚಾಗಿ ಗಂಡುಮಕ್ಕಳಿಗೆ, 'ಜಿ6ಪಿಡಿ' ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥ ಕೂಸಿನ ಕೆಂಪು ರಕ್ತಕಣಗಳು ನ್ಯಾಫ್ಥಲಿನ್ನಿನ ದಾಳಿಗೆ ಒಡೆಯುತ್ತವೆ. ಬಿಲಿರುಬಿನ್ ಏರಿ ಕಾಮಾಲೆ ಬರುತ್ತದೆ. ವಿಪರೀತ ಏರಿದರೆ ಮೆದುಳಿಗೇ ಪೆಟ್ಟು. ಯಾವ ಕೂಸಿಗೆ ಈ ಕೊರತೆ ಇದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ ಕೂಸಿನ ಬಟ್ಟೆಯ ಹತ್ತಿರ ಗುಳಿಗೆ ಸುಳಿಯದಿರುವುದೇ ಒಳ್ಳೆಯದು. ಒಂದೆರಡು ತಿಂಗಳು ಮುಂಚೆಯೇ ಬಟ್ಟೆ ಬೇರೆ ತೆಗೆದು, ಸೋಪಿನಲ್ಲಿ ಒಗೆದು, ಬಿಸಿಲಿಗೆ ಹಾಕಿ. ಗೋವಾದ ಮಳೆಗಾಲದಲ್ಲಿ ಬಿಸಿಲು ಕಾಣದಿದ್ದರೆ ಬಿಸಿ ಇಸ್ತ್ರಿ ಮಾಡಿ, ಸ್ವಚ್ಛ ದಿಂಬಿನ ಗವಸಿನಲ್ಲಿ ಕಟ್ಟಿಡಿ.

ಹತ್ತು ರೂಪಾಯಿ ಸೋಪು

1847ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಡಾ. ಇಗ್ನಾಜ್ ಸೆಮ್ಮೆಲ್‌ವೈಸ್ ಒಂದು ವ್ಯತ್ಯಾಸ ಗಮನಿಸಿದರು. ಶವಪರೀಕ್ಷೆ ಮಾಡಿ ನೇರ ಹೆರಿಗೆ ಕೋಣೆಗೆ ಬರುವ ವೈದ್ಯರ ವಾರ್ಡಿನಲ್ಲಿ ಬಾಣಂತಿ ಜ್ವರದ ಸಾವು ಹೆಚ್ಚು. ಸೂಲಗಿತ್ತಿಯರ ವಾರ್ಡಿನಲ್ಲಿ ಕಡಿಮೆ. ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು. ಆಗಿನ್ನೂ ರೋಗಾಣು ಸಿದ್ಧಾಂತ ಬಂದಿರಲಿಲ್ಲ.

ಆದ್ದರಿಂದ ಚೀಲದಲ್ಲಿ ಸೋಪಿರಲಿ. ತಾಯಿಯೂ, ಕೂಸನ್ನು ಎತ್ತಿಕೊಳ್ಳುವ ಪ್ರತಿಯೊಬ್ಬ ನೆಂಟರೂ ಮೊದಲು ಅದನ್ನು ಬಳಸಲಿ. ಹೊಕ್ಕುಳಬಳ್ಳಿಗೆ ಅರಿಶಿನ, ಬೂದಿ, ಎಣ್ಣೆ ಯಾವುದೂ ಬೇಡ, ಒಣಗಿರಲಿ ಸಾಕು. ಧನುರ್ವಾಯುವಿನ ಬೀಜಕಗಳು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತವೆ. ತಾಯಿಗೆ ಲಸಿಕೆ ಮತ್ತು ಶುಚಿಯಾದ ಹೆರಿಗೆ, ಈ ಎರಡರಿಂದಲೇ ಭಾರತ 2015ರಲ್ಲಿ ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ನಿವಾರಿಸಿದ ದೇಶ ಎನ್ನಿಸಿಕೊಂಡಿತು.

ಪ್ಯಾಡು ಒಂದು ಅಳತೆಗೋಲು

ಎರಡು ಪ್ಯಾಕೆಟ್ ದೊಡ್ಡ ಪ್ಯಾಡು ಇಡಿ. ಸೀರೆ ತುಂಡೇ ಬಳಸುವವರಾದರೆ ಸೋಪಿನಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿದ್ದಿರಲಿ. ಹೆರಿಗೆಯ ನಂತರ ರಕ್ತ ಹೋಗುವುದು ಸಹಜ. ಗರ್ಭಿಣಿಯ ರಕ್ತದ ಪ್ರಮಾಣವೇ ಅದಕ್ಕೆ ಮೊದಲೇ ಹೆಚ್ಚಿರುತ್ತದೆ. ಆದರೆ 500 ಮಿ.ಲೀ. ದಾಟಿದರೆ ಅದು ಅತಿಸ್ರಾವ. ಮಂಚದ ಪಕ್ಕ ಕೂತ ಅತ್ತೆಯೋ ಅವ್ವನೋ ಅದನ್ನು ಅಳೆಯುವುದು ಹೇಗೆ? ಒಂದು ಪ್ಯಾಡು ಒಂದು ಗಂಟೆಯೊಳಗೆ ಪೂರ್ತಿ ತೊಯ್ದರೆ "ಇದು ಹಿಂಗೇ ಇರ್ತದ" ಎಂದು ಸುಮ್ಮನೆ ಕೂರಬಾರದು, ಕೂಡಲೇ ನರ್ಸನ್ನು ಕರೆಯಬೇಕು. ಈ ಒಂದು ವಾಕ್ಯ ಗೊತ್ತಿದ್ದರೆ ಜೀವ ಉಳಿದೀತು.

ಕಾಗದದ ಕವರ್

ನನ್ನ ಲೆಕ್ಕದಲ್ಲಿ ಚೀಲದ ಅತಿ ಬೆಲೆಯ ವಸ್ತು ಇದೇ. ಕರ್ನಾಟಕದಲ್ಲಿ 'ತಾಯಿ ಕಾರ್ಡ್', ಇಲ್ಲಿ 'ಎಂಸಿಪಿ ಕಾರ್ಡ್'. ಅದರಲ್ಲಿ ಹಿಮೋಗ್ಲೋಬಿನ್ ಎಷ್ಟಿತ್ತು, ಬಿಪಿ ಏರಿತ್ತೇ, ರಕ್ತದ ಗುಂಪು ಯಾವುದು ಎಲ್ಲ ಇರುತ್ತದೆ. ತಾಯಿಯ ಗುಂಪು ಆರ್‌ಎಚ್ ನೆಗೆಟಿವ್, ಕೂಸಿನದು ಪಾಸಿಟಿವ್ ಆದರೆ ತಾಯಿಗೆ 72 ಗಂಟೆಯೊಳಗೆ 'ಆಂಟಿ-ಡಿ' ಚುಚ್ಚುಮದ್ದು ಬೇಕು. ಇಲ್ಲವಾದರೆ ಮುಂದಿನ ಕೂಸಿಗೆ ತೊಂದರೆ. ರಾತ್ರಿ ಎರಡಕ್ಕೆ ಝುವಾರಿ ಸೇತುವೆ ದಾಟಿ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ಮುಟ್ಟಿದಾಗ ಡಾಕ್ಟರ ಪ್ರಶ್ನೆಗಳಿಗೆಲ್ಲ ಆ ಕಾರ್ಡೇ ಉತ್ತರ ಹೇಳುತ್ತದೆ.

ಪ್ಲಾಸ್ಟಿಕ್ ಕವರಿನಲ್ಲಿ ಕಾರ್ಡು, ಸ್ಕ್ಯಾನಿಂಗ್ ಮತ್ತು ರಕ್ತದ ವರದಿಗಳು, ಗಂಡ ಹೆಂಡತಿ ಇಬ್ಬರ ಆಧಾರ್, ತಾಯಿಯ ಬ್ಯಾಂಕ್ ಪಾಸ್‌ಬುಕ್, ರಕ್ತ ಕೊಡಲು ಒಪ್ಪಿದ ಇಬ್ಬರ ಫೋನ್ ನಂಬರ್ ಇರಲಿ. ಇನ್ನೊಂದು ಚೀಟಿಯೂ ಬೇಕು. ಇಲ್ಲಿನ ವಾರ್ಡುಗಳಲ್ಲಿ ಹೆಚ್ಚು ಕೇಳಿಬರುವ ಮಾತು ಕೊಂಕಣಿ. ಊರಿಂದ ಹೊಸದಾಗಿ ಬಂದ ಹೆಣ್ಣುಮಗಳಿಗೆ ನೋವು ಹೇಳಿಕೊಳ್ಳಲೂ ಮಾತು ಬಾರದು. 'ದುಖ್ತಾ' ಎಂದರೆ ನೋಯುತ್ತಿದೆ, 'ರಗತ್' ಎಂದರೆ ರಕ್ತ, 'ಉದಾಕ್' ಎಂದರೆ ನೀರು. ಕನ್ನಡ ಅಕ್ಷರದಲ್ಲಿ ಇಂಥ ನಾಲ್ಕು ಪದ ಬರೆದುಕೊಟ್ಟರೆ ಸಾಕು.

ಜನನ ನೋಂದಣಿಯ ವಿಷಯ ನಮಗೇ ಹತ್ತಿರದ್ದು. ಶಾಲೆಗೆ ಸೇರಿಸುವಾಗ ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಎಂಬ ಗೋಳು ನಾವು ಪ್ರತಿ ಜೂನ್‌ನಲ್ಲಿ ನೋಡುತ್ತೇವೆ. ಅದರ ಬೇರು ಆಸ್ಪತ್ರೆಯ ಅರ್ಜಿಯಲ್ಲಿದೆ. ತಂದೆ ತಾಯಿಯ ಹೆಸರನ್ನು ಆಧಾರಿನಲ್ಲಿರುವ ಹಾಗೇ ದೊಡ್ಡ ಅಕ್ಷರದಲ್ಲಿ ಬರೆದ ಚೀಟಿ ಕವರಿನಲ್ಲಿರಲಿ. ನೋಂದಣಿಗೆ 21 ದಿನ ಸಮಯ. ಕೂಸು ಎಲ್ಲಿ ಹುಟ್ಟಿತೋ ಅಲ್ಲಿಯೇ ನೋಂದಣಿ.

ಏನು ಇಡಬಾರದು

ಹಾಲಿನ ಬಾಟಲಿ, ಪುಡಿ ಹಾಲಿನ ಡಬ್ಬಿ ಬೇಡ. ಮೊದಲ ಗಂಟೆಯೊಳಗೇ ತಾಯಿ ಹಾಲು. ಆ ಹಳದಿ ಗಿಣ್ಣು ಹಾಲೇ ಕೂಸಿಗೆ ಮೊದಲ ಲಸಿಕೆ ಇದ್ದಂತೆ. ಜೇನುತುಪ್ಪ ಒಂದು ವರ್ಷದವರೆಗೆ ಬೇಡವೇ ಬೇಡ. ಅದರಲ್ಲಿರಬಹುದಾದ ಬೀಜಕಗಳು ಕೂಸಿನ ಕರುಳಿನಲ್ಲಿ ಬೊಟುಲಿಸಂ ವಿಷ ತಯಾರಿಸಬಲ್ಲವು. ಕಾಡಿಗೆಯಲ್ಲಿ ಸೀಸ ಇರಬಹುದು. ಪೌಡರ್ ಉಸಿರಿಗೆ ಹೋಗುತ್ತದೆ. ಬಂಗಾರ ಮನೆಯಲ್ಲೇ ಇರಲಿ. ತಾಯಿಗೆ ಕುಡಿಯುವ ನೀರಿನ ಬಾಟಲಿ ಮಾತ್ರ ಖಂಡಿತ ಇರಲಿ. "ಬಾಣಂತಿಗೆ ನೀರು ಕೊಡಬಾರದು" ಎಂಬ ಮಾತಿಗೆ ಆಧಾರವಿಲ್ಲ. ಹಾಲಿನ ಬಹುಪಾಲು ನೀರೇ.

ಯಾವಾಗ ತುಂಬಬೇಕು

ಕೊನೆಯ ಮುಟ್ಟಿನ ಮೊದಲ ದಿನಕ್ಕೆ 9 ತಿಂಗಳು 7 ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ. ಜೂನ್ 10 ಆದರೆ ಮಾರ್ಚ್ 17. ಆದರೆ ಸರಿಯಾಗಿ ಆ ದಿನವೇ ಹುಟ್ಟುವುದು ನೂರರಲ್ಲಿ ನಾಲ್ಕೈದು ಕೂಸು ಮಾತ್ರ. ಹಾಗಾಗಿ 36ನೇ ವಾರಕ್ಕೇ ಚೀಲ ಬಾಗಿಲ ಹತ್ತಿರ ಇರಬೇಕು. ಕುಬಸ ಮುಗಿಸಿ ತವರಿಗೆ ಹೊರಟವರು ವಾಸ್ಕೋದಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತುವ ಮೊದಲು ಡಾಕ್ಟರನ್ನು ಕೇಳಲಿ. ಗೋವಾದ ಕಾರ್ಡು ಮತ್ತು ಎಲ್ಲ ವರದಿ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿನ ತಳದಲ್ಲಿ ಬೇಡ. ನೀರು ಒಡೆದರೆ, ರಕ್ತ ಕಂಡರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಕೂಸಿನ ಅಲುಗಾಟ ಕಡಿಮೆಯಾದರೆ ಚೀಲ ಅರ್ಧ ತುಂಬಿದ್ದರೂ ಬಿಟ್ಟು 108ಕ್ಕೆ ಫೋನ್ ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧ, ರಕ್ತ, ಊಟ ಎಲ್ಲ ಉಚಿತ ಎಂದು 2011ರ 'ಜನನಿ ಶಿಶು ಸುರಕ್ಷಾ ಕಾರ್ಯಕ್ರಮ' ಹೇಳುತ್ತದೆ. ರೊಕ್ಕ ಹೊಂದಿಸಲು ಹೊತ್ತು ಕಳೆಯಬೇಕಿಲ್ಲ.

ತರಗತಿಗೆ ಒಂದು ಚಟುವಟಿಕೆ

ಒಂದೇ ಅಳತೆಯ ಮೂರು ಬಾಟಲಿಗಳಿಗೆ 40 ಡಿಗ್ರಿಯ ನೀರು ತುಂಬಿಸಿ. ಒಂದು ಬರಿದೇ ಇರಲಿ, ಒಂದಕ್ಕೆ ಒದ್ದೆ ಬಟ್ಟೆ, ಒಂದಕ್ಕೆ ಎರಡು ಪದರ ಒಣ ಬಟ್ಟೆ ಸುತ್ತಿ. ಫ್ಯಾನ್ ಕೆಳಗಿಟ್ಟು 5 ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಂಡು ನಕ್ಷೆ ಎಳೆಸಿ. "ಈ ಮೂರರಲ್ಲಿ ಕೂಸು ಯಾವುದಾಗಿರಬೇಕು?" ಎಂದು ಕೇಳಿ. ವಹನ, ಸಂವಹನ, ವಿಕಿರಣ, ಆವಿಯಾಗುವಿಕೆ ನಾಲ್ಕೂ ಆ ಒಂದು ಪೀರಿಯಡ್‌ನಲ್ಲಿ ಬರುತ್ತವೆ.

ನಂತರ ಪ್ರತಿ ಮಗುವೂ ಚೀಲದ ಪಟ್ಟಿಯನ್ನು ತನ್ನ ಕೈಬರಹದಲ್ಲಿ ಬರೆಯಲಿ. ಒಂದೊಂದು ವಸ್ತುವಿನ ಮುಂದೆ 'ಏಕೆ' ಎಂಬ ಕಾಲಂ ಇರಲಿ. ಕೆಳಗೆ 108 ಮತ್ತು ಹತ್ತಿರದ ಆಸ್ಪತ್ರೆಯ ಫೋನ್ ನಂಬರ್. ಹುಡುಗರನ್ನು ಹೊರಗೆ ಕಳಿಸಬೇಡಿ. ರಾತ್ರಿ ಆಟೋ ಹುಡುಕಲು ಓಡುವವರು ಬಹಳ ಸಲ ಅವರೇ. ಪಟ್ಟಿ ಮನೆಗೆ ಹೋಗಿ ಗೋಡೆಗೆ ಅಂಟಿಕೊಳ್ಳಲಿ. ಓಣಿಯಲ್ಲಿ ಯಾರ ಮನೆಯಲ್ಲಿ ಬಸುರಿ ಇದ್ದರೂ ಅದು ಅವರ ಕೈಗೆ ಸಿಗುವಂತಿರಲಿ.