ಚಿಲ್ಲರೆ ಪೊಟ್ಟಣದಲ್ಲಿ ಏನು ಹುಡುಕಬೇಕು?

ನಾಣ್ಯ ಸಂಗ್ರಹವೆಂದರೆ ರಾಜರ ಕಾಲದ ವರಹ, ಬೆಳ್ಳಿ ರೂಪಾಯಿಗಳನ್ನು ದುಡ್ಡು ಸುರಿದು ಕೊಳ್ಳುವ ಶ್ರೀಮಂತರ ಹವ್ಯಾಸ ಎಂದು ಅನೇಕರು ತಿಳಿದಿದ್ದಾರೆ. ಹಾಗೇನೂ ಇಲ್ಲ. ನೂರು ರೂಪಾಯಿಯ ಒಂದು ನೋಟು, ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ಕು ಇದ್ದರೆ ಇವತ್ತೇ ಶುರು ಮಾಡಬಹುದು. ತಮಾಷೆಯೆಂದರೆ ಆ ನೂರು ರೂಪಾಯಿ ಖರ್ಚೂ ಆಗುವುದಿಲ್ಲ. ನೋಟು ಕೊಟ್ಟು ಚಿಲ್ಲರೆ ತರುತ್ತೀರಿ, ನೋಡುತ್ತೀರಿ, ಬೇಕಾದ ನಾಲ್ಕನ್ನು ಇಟ್ಟುಕೊಂಡು ಉಳಿದ ತೊಂಬತ್ತಾರನ್ನು ಅಂಗಡಿಗೆ ಕೊಡುತ್ತೀರಿ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅದರಲ್ಲಿ ಬಹುಪಾಲು ಕ್ಯಾಶ್ ಕೌಂಟರಿನಲ್ಲೇ ಕಳೆಯಿತು. ಹತ್ತು ಹತ್ತರ ಗೋಪುರ ಕಟ್ಟಿ, ಹಳೆಯ ಕಾಗದದಲ್ಲಿ ಸುರುಳಿ ಸುತ್ತಿ ಇಡುವುದು ಬೆರಳುಗಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಆಗ ನಾಣ್ಯವೆಂದರೆ ಸಂಜೆಯೊಳಗೆ ಲೆಕ್ಕ ತಾಳೆಯಾಗಬೇಕಾದ ಸರಕು, ಅಷ್ಟೆ. ನಿವೃತ್ತಿಯಾದ ಮೇಲೆ, ಆರನೇ ತರಗತಿಯ ಮೊಮ್ಮಗಳ ಜೊತೆ ಕೂತು ಅವನ್ನು ಒಂದೊಂದಾಗಿ ನೋಡತೊಡಗಿದೆ.

ಮೊದಲು, ನಾಣ್ಯ ಎಲ್ಲಿ ಸಿಗುತ್ತದೆ? ಬ್ಯಾಂಕಿನಲ್ಲಿ ಕೇಳಿ. ಚಿಲ್ಲರೆ ತಂದುಕೊಡುವವರಿಂದ ನೂರು ನೂರರ ಪಾಲಿಥಿನ್ ಪೊಟ್ಟಣಗಳಲ್ಲಿ ಅಥವಾ ತೂಕ ಮಾಡಿ ತೆಗೆದುಕೊಳ್ಳಬಹುದು ಎಂದು ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಿದೆ. ಅಂಥ ಪೊಟ್ಟಣಗಳು ಬಹಳಷ್ಟು ಶಾಖೆಗಳಲ್ಲಿರುತ್ತವೆ. ತಿಂಗಳ ಮೊದಲ ವಾರ ಪಿಂಚಣಿಯ ಸಾಲಿರುವಾಗ ಮಾತ್ರ ಹೋಗಬೇಡಿ, ಮಧ್ಯಾಹ್ನದ ಬಿಡುವಿನಲ್ಲಿ ಕೇಳಿದರೆ ಕ್ಯಾಷಿಯರ್ ಸಂತೋಷದಿಂದಲೇ ಕೊಡುತ್ತಾರೆ. ಪರಿಚಯದ ಕಿರಾಣಿ ಅಂಗಡಿ, ದೇವಸ್ಥಾನದ ಹುಂಡಿ ಎಣಿಕೆಯಾದ ಮೇಲಿನ ಚಿಲ್ಲರೆ, ಇವೂ ಒಳ್ಳೆಯ ಮೂಲಗಳೇ.

ಪೊಟ್ಟಣ ಬಿಚ್ಚುವ ಮೊದಲು ಒಮ್ಮೆ ತಕ್ಕಡಿಗಿಡಿ. 2011ರಲ್ಲಿ ಶುರುವಾದ, ರೂಪಾಯಿ ಚಿಹ್ನೆಯಿರುವ ಒಂದು ರೂಪಾಯಿ ನಾಣ್ಯದ ತೂಕ 3.79 ಗ್ರಾಂ. 1992ರಲ್ಲಿ ಶುರುವಾದ ಸ್ಟೀಲಿನ ಒಂದು ರೂಪಾಯಿ 4.85 ಗ್ರಾಂ. ಅಂದರೆ ನೂರು ಹೊಸ ನಾಣ್ಯಗಳು 379 ಗ್ರಾಂ ತೂಗಿದರೆ ನೂರು ಹಳೆಯವು 485 ಗ್ರಾಂ. ನಿಮ್ಮ ಪೊಟ್ಟಣ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಒಳಗೆ ಹಳೆಯ ಸರಕು ಎಷ್ಟಿದೆ ಎಂದು ಅಂದಾಜು ಮಾಡಬಹುದು. ಮಕ್ಕಳಿಗೆ ಇದೊಂದು ಒಳ್ಳೆಯ ಲೆಕ್ಕ.

ಈಗ ಬಿಚ್ಚಿ, ಬಟ್ಟೆಯ ಮೇಲೆ ಸುರಿಯಿರಿ. ಮೊದಲು ಗಾತ್ರದ ಪ್ರಕಾರ, ಆಮೇಲೆ ಇಸವಿಯ ಪ್ರಕಾರ ಬೇರೆ ಮಾಡಿ. ಕೊನೆಗೆ ಭೂತಗನ್ನಡಿ ಹಿಡಿದು ಇಸವಿಯ ಕೆಳಗೆ ನೋಡಿ. ನಮ್ಮ ದೇಶದಲ್ಲಿ ನಾಲ್ಕು ಟಂಕಸಾಲೆಗಳಿವೆ. ವಜ್ರಾಕೃತಿಯ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನೋಯ್ಡಾ ಟಂಕಸಾಲೆ ಕೆಲಸ ಆರಂಭಿಸಿದ್ದು 1988ರಲ್ಲಿ. ಇಷ್ಟು ಗೊತ್ತಾದರೆ ನಿಮ್ಮ ಮೊದಲ ಗುರಿ ಸಿಕ್ಕಿತು: ನೀವು ಹುಟ್ಟಿದ ವರ್ಷದ ನಾಣ್ಯ, ಎಷ್ಟು ಟಂಕಸಾಲೆಗಳದ್ದು ಸಿಗುತ್ತದೋ ಅಷ್ಟು. ಪ್ರತಿ ವರ್ಷ ಪ್ರತಿ ಬೆಲೆಯ ನಾಣ್ಯವನ್ನೂ ನಾಲ್ಕೂ ಕಡೆ ಅಚ್ಚು ಹಾಕಿರುವುದಿಲ್ಲ, ಹಾಗಾಗಿ ಯಾವುದು ಇದೆ, ಯಾವುದು ಇಲ್ಲ ಎಂದು ಪಟ್ಟಿ ಮಾಡುವುದೇ ಸಂಗ್ರಾಹಕನ ಮೊದಲ ಪಾಠ.

ಕೆಲವು ವರ್ಷ ಚಿಲ್ಲರೆಯ ಬೇಡಿಕೆಯನ್ನು ನಮ್ಮ ಟಂಕಸಾಲೆಗಳೇ ಪೂರೈಸಲಾಗದೆ ಹೊರದೇಶಗಳಲ್ಲೂ ಅಚ್ಚು ಹಾಕಿಸಿದ್ದುಂಟು. 1985ರ ಒಂದು ರೂಪಾಯಿಯಲ್ಲಿ ಇಸವಿಯ ಕೆಳಗೆ ಇಂಗ್ಲಿಷಿನ ‘ಎಚ್’ ಅಕ್ಷರವಿದ್ದರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಹಡಗೇರಿ ಬಂದದ್ದು. ನಮ್ಮ ಹುಂಡಿಯ ಚಿಲ್ಲರೆಯಲ್ಲಿ ಅಂಥದ್ದೊಂದು ಸಿಕ್ಕ ದಿನ ಮೊಮ್ಮಗಳು ಭೂಪಟ ತೆಗೆದು ಕೂತಳು.

ಇನ್ನು ಸ್ಮಾರಕ ನಾಣ್ಯಗಳು. ಎರಡು, ಐದು, ಹತ್ತು ರೂಪಾಯಿಯ ಪೊಟ್ಟಣಗಳಲ್ಲಿ ಇವನ್ನು ಹುಡುಕಬೇಕು. ನಮ್ಮ ಬಸವಣ್ಣನವರ ಚಿತ್ರವಿರುವ ಐದು ರೂಪಾಯಿ 2006ರಲ್ಲಿ ಬಂತು. ಅಂಧರ ಲಿಪಿ ರೂಪಿಸಿದ ಲೂಯಿ ಬ್ರೈಲ್ ಅವರ ನೆನಪಿನ ಎರಡು ರೂಪಾಯಿ 2009ರದ್ದು. ರಿಸರ್ವ್ ಬ್ಯಾಂಕಿಗೆ 75 ವರ್ಷ ತುಂಬಿದಾಗಲೂ, ರವೀಂದ್ರನಾಥ ಠಾಕೂರರು ಹುಟ್ಟಿ 150 ವರ್ಷವಾದಾಗಲೂ ನಾಣ್ಯಗಳು ಬಂದವು. ಒಂದೊಂದೂ ಒಂದು ಕಥೆಯ ಬಾಗಿಲು.

ಒಂದು ಅಯಸ್ಕಾಂತವೂ ಹತ್ತಿರವಿರಲಿ. 1992ರಿಂದ ಬಂದ ಸ್ಟೀಲಿನ ಒಂದು ರೂಪಾಯಿ ಅದಕ್ಕೆ ಅಂಟುತ್ತದೆ. ಭಾರತದ ನಕ್ಷೆಯಿರುವ, ಹನ್ನೊಂದು ಮೂಲೆಯ ಹಳೆಯ ಎರಡು ರೂಪಾಯಿ ಅಂಟುವುದಿಲ್ಲ. ಏಕೆಂದರೆ ಅದು ತಾಮ್ರ ಮತ್ತು ನಿಕ್ಕಲ್ಲಿನ ಮಿಶ್ರಲೋಹ.

ಅಚ್ಚಿನ ತಪ್ಪುಗಳೂ ಅಪರೂಪಕ್ಕೆ ಸಿಗುತ್ತವೆ. ಚಿತ್ರ ಒಂದು ಪಕ್ಕಕ್ಕೆ ಸರಿದಿರಬಹುದು, ಅಂಚು ಕಚ್ಚಿದಂತೆ ಕತ್ತರಿಸಿರಬಹುದು. ಕೆಲವೊಮ್ಮೆ ಮೊದಲು ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆಯ ಮೇಲೆ ಅದೇ ಚಿತ್ರ ಉಲ್ಟಾ, ಒಳಕ್ಕೆ ತಗ್ಗಾಗಿ ಮೂಡುತ್ತದೆ. ಆದರೆ ಕಲ್ಲಿಗೆ ಉಜ್ಜಿದ್ದು, ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದು ಅಚ್ಚಿನ ತಪ್ಪಲ್ಲ. ಅದು ಮನುಷ್ಯರ ತಂಟೆ.

ಸಿಕ್ಕ ನಾಣ್ಯವನ್ನು ಹುಣಸೆಹಣ್ಣು, ನಿಂಬೆ, ಬೂದಿ ಹಾಕಿ ತಿಕ್ಕಬೇಡಿ. ದೇವರ ಪಾತ್ರೆಗೆ ಹೊಳಪು ಚೆಂದ, ನಾಣ್ಯಕ್ಕೆ ಅದು ಗಾಯ. ತಿಕ್ಕಿದ ನಾಣ್ಯಕ್ಕೆ ಸಂಗ್ರಾಹಕರು ಕಡಿಮೆ ಬೆಲೆ ಕಟ್ಟುತ್ತಾರೆ. ಅಂಚು ಹಿಡಿದು ಎತ್ತಿ, ಒಣಗಿದ ಕಾಗದದ ಲಕೋಟೆಯಲ್ಲಿಟ್ಟು ಮೇಲೆ ಇಸವಿ, ಗುರುತು, ಸಿಕ್ಕ ದಿನ ಬರೆದರೆ ಸಾಕು.

ಇಷ್ಟೆಲ್ಲ ಹುಡುಕಿ ಲಕ್ಷಾಧೀಶರಾಗಬಹುದೇ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಕೊಡಲೆಂದೇ ನಾನು ಇದನ್ನು ಬರೆಯುತ್ತಿದ್ದೇನೆ. ನಮ್ಮ ಬೀದಿಯ ಒಬ್ಬ ನಿವೃತ್ತ ಶಿಕ್ಷಕಿಗೆ ಮೊಬೈಲಿನಲ್ಲಿ ಒಂದು ಜಾಹೀರಾತು ಬಂತು. ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ನಾಣ್ಯ ಇದ್ದರೆ ಲಕ್ಷಗಟ್ಟಲೆ ಕೊಡುತ್ತೇವೆ ಎಂದು. ಅವರ ಹತ್ತಿರ ಆ ನಾಣ್ಯ ಇತ್ತು. ಫೋಟೊ ಕಳಿಸಿದರು. ಮೊದಲು ನೋಂದಣಿ ಶುಲ್ಕ ಕೇಳಿದರು, ಆಮೇಲೆ ತೆರಿಗೆ, ಆಮೇಲೆ ಹಣ ತಲುಪಿಸುವ ವಿಮೆ. ಒಂದು ತಿಂಗಳ ಪಿಂಚಣಿ ಹೋಯಿತು. ಆಮೇಲೆ ಆ ಫೋನು ಎತ್ತುವವರೇ ಇಲ್ಲ. ಮಗನಿಗೆ ಹೇಳಲೂ ಅವರಿಗೆ ಸಂಕೋಚ.

ಆ ನಾಣ್ಯ 2012ರದ್ದು, ವೈಷ್ಣೋದೇವಿ ದೇವಾಲಯ ಮಂಡಳಿಯ ಬೆಳ್ಳಿಹಬ್ಬಕ್ಕೆ ಬಂದದ್ದು. ನಮ್ಮ ಪೊಟ್ಟಣಗಳಲ್ಲಿ ನನಗೂ ಮೊಮ್ಮಗಳಿಗೂ ಅದು ಎರಡು ಸಲ ಸಿಕ್ಕಿದೆ, ಐದೇ ರೂಪಾಯಿಗೆ. ಐದು ರೂಪಾಯಿಗೆ ಸಿಗುವ ವಸ್ತುವಿಗೆ ಯಾರಾದರೂ ಲಕ್ಷ ಏಕೆ ಕೊಡುತ್ತಾರೆ? ಈ ಪ್ರಶ್ನೆ ಮೊಮ್ಮಗಳಿಗೆ ತಾನಾಗಿಯೇ ಹೊಳೆಯಿತು, ಏಕೆಂದರೆ ಅವಳು ಪೊಟ್ಟಣ ಬಿಚ್ಚಿ ಎಣಿಸಿದವಳು. ಯಾವುದು ಅಪರೂಪ, ಯಾವುದು ಸಾಮಾನ್ಯ ಎಂಬುದು ಅವಳ ನೋಟ್‌ಬುಕ್ಕಿನಲ್ಲಿದೆ. ಜಾಹೀರಾತು ನೋಡಿದವರಿಗೆ ಒಂದೇ ನಾಣ್ಯ ಕಾಣುತ್ತದೆ, ಚೀಲ ಹುಡುಕಿದವರಿಗೆ ಅದರ ಜೊತೆಗಿರುವ ನೂರೂ ಕಾಣುತ್ತವೆ.

ರಿಸರ್ವ್ ಬ್ಯಾಂಕ್ 2021ರಲ್ಲಿ ಇದರ ಬಗ್ಗೆ ಸಾರ್ವಜನಿಕರನ್ನು ಎಚ್ಚರಿಸಿತು. ಹಳೆಯ ನೋಟು, ನಾಣ್ಯಗಳ ವ್ಯವಹಾರದಲ್ಲಿ ತಾನು ಇಲ್ಲ, ಅದಕ್ಕಾಗಿ ಯಾವ ಶುಲ್ಕ, ಕಮಿಷನ್ನನ್ನೂ ಕೇಳುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಮಾರುವವನಿಂದಲೇ ಮುಂಗಡ ಕೇಳುವ ಕೊಳ್ಳುವವನು ಇರುವುದಿಲ್ಲ ಎಂಬುದು ಕೌಂಟರಿನಲ್ಲಿ ಕೂತ ನನ್ನ ಅನುಭವದ ಮಾತು. ಯಾರಾದರೂ ಹೀಗೆ ಹಣ ಕಳೆದುಕೊಂಡರೆ ಬೈಯಬೇಡಿ, ತಡಮಾಡದೆ 1930ಕ್ಕೆ ಫೋನು ಮಾಡಿಸಿ. ಸೈಬರ್ ವಂಚನೆಯ ದೂರಿಗೆ ಇರುವ ಸಹಾಯವಾಣಿ ಅದು.

ನಿಜವಾಗಿ ಬೆಲೆಬಾಳುವ ನಾಣ್ಯ ಸಿಕ್ಕಿದೆ ಅನ್ನಿಸಿದರೆ, ಮಾರುವವರು ಕೇಳುತ್ತಿರುವ ಬೆಲೆಯನ್ನು ನಂಬಬೇಡಿ. ಹರಾಜಿನಲ್ಲಿ ಕೊಂಡವರು ಕೊಟ್ಟ ಬೆಲೆಯನ್ನು ನೋಡಿ. ಎರಡಕ್ಕೂ ಅಜಗಜಾಂತರ.

ಮಕ್ಕಳೇ, ಬರುವ ಶನಿವಾರ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಒಂದು ಪೊಟ್ಟಣ ತನ್ನಿ. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ, ಅದನ್ನು ನೋಡಿಕೊಳ್ಳಿ. ಭೂತಗನ್ನಡಿ ನಿಮ್ಮ ಕೈಯಲ್ಲಿರಲಿ, ಬರೆಯುವ ಕೆಲಸ ಹಿರಿಯರಿಗೆ ಕೊಡಿ. ನಾಣ್ಯ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಮಾತ್ರ ಮರೆಯಬೇಡಿ.