ಯಂತ್ರದ ತಡವರಿಕೆಯೂ ನಮ್ಮ ಅನುಮಾನವೂ

ಬಿಟ್ಟು ಬಿಟ್ಟು ಬರುವ ಜ್ವರವು ವೈದ್ಯನನ್ನು ಕಾಡುವಷ್ಟು ಬಿಡದೆ ಕಾಯುವ ಜ್ವರವು ಕಾಡದು. ವೈದ್ಯನು ನಾಡಿ ಹಿಡಿಯುವ ವೇಳೆಗೆ ಮೈ ತಣ್ಣಗಾಗಿರುವುದು. ಅವನು ಮನೆಯ ಮೆಟ್ಟಲಿಳಿದೊಡನೆ ಮತ್ತೆ ಕಾವೇರುವುದು. ಯಂತ್ರಗಳಿಗೂ ಇಂಥದೊಂದು ವಿಷಮಜ್ವರವುಂಟು. ಚೆನ್ನಾಗಿ ಓಡುತ್ತಿರುವ ಮೋಟಾರ್ ಸೈಕಲ್ಲು ದಾರಿಯಲ್ಲಿ ತಟ್ಟನೆ ತಡವರಿಸಿ, ಬಿಕ್ಕಿ, ಮತ್ತೆ ತಾನಾಗಿಯೇ ಸರಿಹೋಗುವ ಈ ವ್ಯಾಧಿಯನ್ನು ಗ್ಯಾರೇಜಿನ ಮೇಸ್ತ್ರಿಗಳು ‘ಮಿಸ್ಸಿಂಗ್’ ಎನ್ನುತ್ತಾರೆ. ಹಳೆಯ ವಾಹನವುಳ್ಳ ಗೃಹಸ್ಥರಲ್ಲಿ ಇದರ ಪರಿಚಯವಿಲ್ಲದವರು ವಿರಳ. ಕಳೆದ ಮಳೆಗಾಲದಲ್ಲಿ ಇದರ ಮೂಲವನ್ನು ಹುಡುಕುತ್ತ ನಾವು ಮಾಡಿದ ಒಂದು ತಪ್ಪನ್ನೂ ಕಲಿತ ಒಂದು ಪಾಠವನ್ನೂ ವಾಚಕರ ಮುಂದಿಡುವುದು ಉಚಿತವೆಂದು ತೋರಿದೆ.

ನಮ್ಮ ವಾಹನವು ಮೈಸೂರಿನಲ್ಲಿಯೇ ಹುಟ್ಟಿದ ಯೆಜ್ಡಿ. ಚೆಕೊಸ್ಲೊವಾಕಿಯಾ ದೇಶದ ಜಾವಾ ಮೋಟಾರ್ ಸೈಕಲ್ಲನ್ನು ಅಲ್ಲಿಯವರ ಅನುಮತಿಯಿಂದ ಇಲ್ಲಿ ನಿರ್ಮಿಸುವುದಕ್ಕೆ ಐಡಿಯಲ್ ಜಾವಾ ಕಂಪೆನಿಯವರು 1961ರಲ್ಲಿ ಮೈಸೂರಿನ ಕಾರ್ಖಾನೆಯನ್ನು ನಡೆಸತೊಡಗಿದರು; ಮುಂದೆ ಯೆಜ್ಡಿ ಎಂಬ ಹೆಸರು ಬಂದಿತು; 1996ರಲ್ಲಿ ಆ ಕಾರ್ಖಾನೆಯು ಮುಚ್ಚಿತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ ಹೊಡೆಯುವ ಲಿವರೇ ಗೇರು ಬದಲಿಸುವ ಲಿವರೂ ಆಗಿರುವುದು ಇದರ ವೈಚಿತ್ರ್ಯ. ಇದು ಟೂ ಸ್ಟ್ರೋಕ್ ಯಂತ್ರವಾದುದರಿಂದ ಒಂದೊಂದು ಸುತ್ತಿಗೂ ಒಂದೊಂದು ಕಿಡಿ ಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸಲ ಕಿಡಿ ಹಾರಿ 50 ಸಲ ಪೆಟ್ರೋಲು ಉರಿಯತಕ್ಕದ್ದು. ಇವುಗಳಲ್ಲಿ ಕೆಲವು ತಪ್ಪಿದರೂ ಸವಾರನ ಬೆನ್ನಿಗೆ ಅದು ತಿಳಿಯುವುದು. ಮಳೆ ಹಿಡಿಯುವ ಮೊದಲು, ಟ್ಯಾಂಕಿನೊಳಕ್ಕೆ ನೀರಿಳಿಯಬಾರದೆಂದು, ನಾವೇ ಹಳೆಯ ಟ್ಯೂಬಿನಿಂದ ಒಂದು ರಬ್ಬರು ಬಿಲ್ಲೆಯನ್ನು ಕತ್ತರಿಸಿ ಮುಚ್ಚಳದ ಕೆಳಗೆ ಹೊಂದಿಸಿ, ನಮ್ಮ ಜಾಣತನಕ್ಕೆ ನಾವೇ ಮೆಚ್ಚಿಕೊಂಡಿದ್ದೆವು.

ನಂಜನಗೂಡಿನಾಚೆಯ ಹಳ್ಳಿಯಲ್ಲಿರುವ ವೃದ್ಧ ಮಾತೃಶ್ರೀಯವರಿಗೆ ಔಷಧಿಗಳನ್ನು ತೆಗೆದುಕೊಂಡು ಪ್ರತಿ ಶನಿವಾರ ದಂಪತಿಗಳಾಗಿ ಹೋಗಿಬರುವುದು ನಮ್ಮ ರೂಢಿ. ಒಂದು ಶನಿವಾರ ಲಾರಿಯೊಂದನ್ನು ದಾಟುವ ಹೊತ್ತಿಗೆ ಸರಿಯಾಗಿ ಯಂತ್ರವು ಬಿಕ್ಕಿತು. ಎದುರಿಗೆ ಬಸ್ಸು ಬರುತ್ತಿತ್ತು. ಹೇಗೋ ಹಿಂದೆ ಸರಿದು ರಸ್ತೆಯ ಅಂಚಿಗೆ ಬಂದು ನಿಂತೆವು. ಮನೆಯವರು ಕೆಳಗಿಳಿದು, “ಅತ್ತೆಯವರನ್ನು ಇನ್ನು ಬಸ್ಸಿನಲ್ಲೇ ಹೋಗಿ ನೋಡೋಣ. ಇದರ ಮೇಲೆ ನಾನು ಕೂರುವುದಿಲ್ಲ, ನೀವೂ ಕೂರಬೇಡಿ” ಎಂದರು. ಹತ್ತು ನಿಮಿಷ ಕಳೆದು ಕಿಕ್ ಹೊಡೆದರೆ ಯಂತ್ರವು ಏನೂ ನಡೆಯದಂತೆ ಹೊರಟಿತು.

ಮೇಸ್ತ್ರಿಯು ಪ್ಲಗ್ಗನ್ನು ಬದಲಿಸಿದನು. ಬೀದಿಯಲ್ಲಿ ಓಡಿಸಿ ನೋಡಿ ಸರಿಯಾಯಿತೆಂದನು. ಮುಂದಿನ ವಾರ ರೋಗವು ಮರುಕಳಿಸಿತು. ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದನು. ಪಾಯಿಂಟುಗಳನ್ನು ಉಜ್ಜಿ ನಡುವಣ ಅಂತರವನ್ನು 0.4 ಮಿಲಿಮೀಟರಿಗೆ ಹೊಂದಿಸಿದನು. ಬೀದಿಯಲ್ಲಿ ಎಲ್ಲವೂ ಸರಿ. ಹೆದ್ದಾರಿಯಲ್ಲಿ ಮತ್ತದೇ ಬಿಕ್ಕಳಿಕೆ. “ಸ್ವಲ್ಪ ಹೊತ್ತು ನಿಲ್ಲಿಸಿದರೆ ಸರಿಹೋಗುತ್ತದಲ್ಲ ಮೇಷ್ಟ್ರೇ, ಕಾಯಿಲ್ಲು ಬಿಸಿಯಾಗಿ ಕೈಕೊಡುತ್ತಿದೆ” ಎಂಬುದು ಅವನ ಕೊನೆಯ ತೀರ್ಮಾನ.

ನಮಗೋ ಬೇರೊಂದು ಸಂದೇಹ. ಹಿಂದಿನ ವಾರಗಳನ್ನು ನೆನೆದು ನೋಡಲಾಗಿ, ಪೆಟ್ರೋಲು ತುಂಬಿಸಿಕೊಂಡು ಹೊರಟ ದಿನಗಳಲ್ಲಿಯೇ ಬಾಧೆಯು ಹೆಚ್ಚಾಗಿದ್ದಿತು. ನಾವು ಹೋಗುವ ಬಂಕಿನಲ್ಲಿ ಕೆಲಸಕ್ಕಿದ್ದವನು ನಮ್ಮ ಶಾಲೆಯಲ್ಲಿಯೇ ಓದಿದ ಹುಡುಗ. ನೇರವಾಗಿ ಅಲ್ಲಿಗೆ ಹೋಗಿ ನಾಲ್ಕು ಜನರೆದುರಿಗೆ, “ಪೆಟ್ರೋಲಿಗೆ ಏನನ್ನು ಬೆರೆಸುತ್ತಿದ್ದೀಯಪ್ಪಾ? ನಮ್ಮ ಕೈಯಲ್ಲಿ ಕಲಿತವನು ಇದಕ್ಕೆ ಇಳಿಯಬಹುದೆ?” ಎಂದು ಕೇಳಿಬಿಟ್ಟೆವು. ಹುಡುಗನು ಏನೋ ಹೇಳಹೋಗಿ, ನಮ್ಮ ಮುಖವನ್ನು ನೋಡಿ, ತಲೆ ತಗ್ಗಿಸಿಕೊಂಡನು. ಅಂದಿನಿಂದ ಬೇರೆ ಬಂಕಿನಲ್ಲಿ ತುಂಬಿಸತೊಡಗಿದೆವು. ರೋಗವು ಹೋಗಲಿಲ್ಲ.

ಮೂವತ್ತು ವರ್ಷ ಸಂಸ್ಕೃತಪಾಠ ಹೇಳಿದ ನಮಗೆ ಆಗ ನಾಚಿಕೆಯಾಯಿತು. ಒಂದು ಇರುವಲ್ಲಿ ಮತ್ತೊಂದು ಇರುವುದು ಅನ್ವಯ; ಅದು ಇಲ್ಲದಲ್ಲಿ ಇದೂ ಇಲ್ಲದಿರುವುದು ವ್ಯತಿರೇಕ. ಇವೆರಡೂ ಕೂಡಿದಲ್ಲದೆ ಕಾರಣವನ್ನು ನಿಶ್ಚಯಿಸಲಾಗದು. ನಾವು ಅನ್ವಯವನ್ನು ಮಾತ್ರ ಕಂಡು ಒಬ್ಬನ ಮೇಲೆ ದೋಷವನ್ನು ಹೊರಿಸಿದ್ದೆವು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬ ಮಾತನ್ನು ತಾರ್ಕಿಕರು ಒಪ್ಪುವುದಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯೇಳಲು ಹಸಿ ಸೌದೆಯೂ ಸೇರಬೇಕು. ಹೀಗೆ ಮರೆಯಲ್ಲಿ ನಿಂತು ಕೆಲಸ ಮಾಡುವುದಕ್ಕೆ ಉಪಾಧಿಯೆಂದು ಹೆಸರು. ನಮ್ಮ ಹಸಿ ಸೌದೆ ಯಾವುದು?

ಅಂದಿನಿಂದ ಒಂದು ಸಲಕ್ಕೆ ಒಂದನ್ನಲ್ಲದೆ ಎರಡನ್ನು ಬದಲಿಸಬಾರದೆಂದೂ, ತಡವರಿಕೆ ಬಂದಾಗಲೆಲ್ಲ ಬಿಸಿಲೋ ಮಳೆಯೋ, ಏರೋ ಇಳಿಜಾರೋ, ವೇಗವೆಷ್ಟು, ಟ್ಯಾಂಕಿನಲ್ಲಿ ಪೆಟ್ರೋಲೆಷ್ಟು ಎಂಬುದನ್ನು ಬರೆದಿಡಬೇಕೆಂದೂ ನಿಯಮ ಮಾಡಿಕೊಂಡೆವು. ಮಳೆ ಬಂದಾಗ ಮಾತ್ರ ಬಾಧೆ ಕಂಡರೆ ಪ್ಲಗ್ಗಿನ ಟೊಪ್ಪಿಗೆಯಲ್ಲಿಯೋ ಅದರ ತಂತಿಯಲ್ಲಿಯೋ ಬಿರುಕನ್ನು ಹುಡುಕಬೇಕು. ಕತ್ತಲೆಯಲ್ಲಿ ಯಂತ್ರವನ್ನು ಓಡಿಸಿ, ಮುಟ್ಟದೆ ನೋಡಿದರೆ ಕಿಡಿ ಸೋರುವುದು ಕಣ್ಣಿಗೆ ಬೀಳುವುದುಂಟು. ಹ್ಯಾಂಡಲ್ ತಿರುಗಿಸಿದಾಗ ಅಥವಾ ಹಳ್ಳದಿಣ್ಣೆಗಳಲ್ಲಿ ಬಂದರೆ ಒಳಗೆ ಮುರಿದ ತಂತಿಯನ್ನೋ ಸಡಿಲವಾದ ಬ್ಯಾಟರಿ ಕೊಂಡಿಯನ್ನೋ ಶಂಕಿಸಬೇಕು. ಪಾಯಿಂಟುಗಳ ನಡುವೆ ಪ್ರಖರವಾದ ಕಿಡಿ ಹಾರಿ ಅವು ಬೇಗನೆ ಸುಟ್ಟುಹೋಗುತ್ತಿದ್ದರೆ ಕಂಡೆನ್ಸರನ್ನು ನೋಡಬೇಕು. ಕಿಡಿ ತಪ್ಪಿದಾಗ ಯಂತ್ರವು ಸಾಮಾನ್ಯವಾಗಿ ಸ್ವಿಚ್ಚು ಆರಿಸಿದಂತೆ ತಟ್ಟನೆ ನಿಲ್ಲುವುದು. ಪೆಟ್ರೋಲು ಸಾಲದಿದ್ದಾಗ ಏದುಸಿರು ಬಿಡುತ್ತ ಮೆಲ್ಲಮೆಲ್ಲನೆ ಸೋಲುವುದು.

ನಮ್ಮ ಯಂತ್ರವು ಏದುಸಿರು ಬಿಡುತ್ತಿತ್ತು. ಮೂರು ವಾರದ ಬರಹವೂ ಅದನ್ನೇ ಹೇಳಿತು: ಟ್ಯಾಂಕು ತುಂಬಿದ್ದು ವೇಗವಾಗಿ ಓಡಿಸಿದರೆ ಬಾಧೆ, ಅರ್ಧ ತುಂಬಿದ್ದು ಊರೊಳಗೆ ಸುತ್ತಿದರೆ ಆರೋಗ್ಯ. ಮಳೆಗೂ ದಿಣ್ಣೆಗೂ ಸಂಬಂಧವಿಲ್ಲ. ಆದುದರಿಂದ ಟ್ಯಾಂಕನ್ನು ತುಂಬಿಸಿ, ಯಂತ್ರವು ಪೂರ್ತಿ ಆರಿದ ಮೇಲೆ, ದೀಪ ಒಲೆಗಳಿಂದ ದೂರವಾಗಿ ಅಂಗಳದಲ್ಲಿ ನಿಲ್ಲಿಸಿ, ಕಾರ್ಬ್ಯುರೇಟರಿನ ಕಡೆಯ ಕೊಳವೆಯನ್ನು ಕಳಚಿ ಡಬ್ಬವೊಂದಕ್ಕೆ ಬಿಟ್ಟೆವು. ಮೊದಲು ಧಾರೆಯಾಗಿ ಸುರಿದ ಪೆಟ್ರೋಲು ನೋಡುತ್ತಿದ್ದಂತೆಯೇ ಸಣ್ಣದಾಗಿ, ಹನಿಯಾಗಿ, ನಿಂತೇ ಹೋಯಿತು. ಬಾಗಿಲಲ್ಲಿ ನಿಂತಿದ್ದ ಮನೆಯವರು, “ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಸುರಿಯುವುದುಂಟೆ? ಗಾಳಿಗೊಂದು ತೂತು ಬೇಡವೆ?” ಎಂದರು. ಮುಚ್ಚಳವನ್ನು ತಿರುಗಿಸಿದೆವು. ಬುಸ್ಸೆಂದು ಗಾಳಿಯು ಒಳನುಗ್ಗಿತು. ಧಾರೆಯು ಮತ್ತೆ ಹಿಡಿಯಿತು.

ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗೆಂದು ಒಂದು ಸಣ್ಣ ರಂಧ್ರವಿರುತ್ತದೆ. ಪೆಟ್ರೋಲು ಇಳಿದಷ್ಟೂ ಗಾಳಿಯು ಒಳಗೆ ಬರಬೇಕು. ಬಾರದಿದ್ದರೆ ಒಳಗಣ ಒತ್ತಡವು ತಗ್ಗಿ ಪೆಟ್ರೋಲನ್ನು ಹಿಂದಕ್ಕೆ ಹಿಡಿಯುವುದು. ಆ ರಂಧ್ರವನ್ನು ನಮ್ಮ ರಬ್ಬರು ಬಿಲ್ಲೆಯು ಮುಚ್ಚಿತ್ತು. ಪೂರ್ತಿ ಮುಚ್ಚಿದ್ದರೆ ರೋಗವು ಅಂದೇ ಗೊತ್ತಾಗುತ್ತಿತ್ತು. ಅಂಚಿನಲ್ಲಿ ಸ್ವಲ್ಪ ಸ್ವಲ್ಪ ಗಾಳಿ ನುಸುಳುತ್ತಿದ್ದುದರಿಂದ ಊರೊಳಗಿನ ನಿಧಾನದ ಓಟಕ್ಕೆ ಅದು ಸಾಕಾಗಿ, ಹೆದ್ದಾರಿಯ ವೇಗಕ್ಕೆ ಸಾಲದಾಯಿತು. ಟ್ಯಾಂಕು ತುಂಬಿದಾಗ ಮೇಲಣ ಗಾಳಿಯ ಜಾಗವು ಕಿರಿದಾದುದರಿಂದ ಒತ್ತಡವು ಬೇಗನೆ ತಗ್ಗುತ್ತಿತ್ತು. ಹತ್ತು ನಿಮಿಷ ನಿಂತರೆ ಗಾಳಿಯು ತುಂಬಿಕೊಳ್ಳುತ್ತಿತ್ತು. ಬಿಸಿಯಾದ ಕಾಯಿಲ್ಲೂ ಹತ್ತು ನಿಮಿಷದಲ್ಲಿ ಚೇತರಿಸಬಹುದಾದುದರಿಂದ, ಎರಡಕ್ಕೂ ಸಲ್ಲುವ ಆ ಒಂದು ಲಕ್ಷಣವನ್ನು ನಂಬಿ ಹೊಸ ಕಾಯಿಲ್ಲನ್ನು ಕೊಳ್ಳುವುದರಲ್ಲಿದ್ದೆವು. ಟೂ ಸ್ಟ್ರೋಕ್ ಯಂತ್ರಕ್ಕೆ ಇದು ಬರಿಯ ಬಿಕ್ಕಳಿಕೆಯೂ ಅಲ್ಲ: ಎಣ್ಣೆಯು ಪೆಟ್ರೋಲಿನೊಡನೆಯೇ ಬೆರೆತು ಬರುವುದರಿಂದ, ಪೆಟ್ರೋಲು ಸಾಲದಾದರೆ ಎಣ್ಣೆಯೂ ಸಾಲದು, ಪಿಸ್ಟನ್ನು ಕಾದು ಸಿಲಿಂಡರಿನೊಳಗೆ ಕಚ್ಚಿಕೊಂಡು ಚಕ್ರವೇ ನಿಲ್ಲಬಹುದು.

ಬಿಲ್ಲೆಯನ್ನು ತೆಗೆದು, ಟ್ಯಾಂಕು ತುಂಬಿಸಿ, ನಂಜನಗೂಡಿಗೆ ಒಬ್ಬರೇ ಹೋಗಿಬಂದೆವು, ಬಾಧೆಯಿಲ್ಲ. ವ್ಯತಿರೇಕವೂ ಸಿದ್ಧಿಸಿತು. ಮರುಶನಿವಾರ ಮನೆಯವರು ಒಂದು ಮಾತನ್ನೂ ಆಡದೆ ಹಿಂದೆ ಕುಳಿತರು.

ಆದರೆ ಒಂದು ಕೆಲಸ ಉಳಿದಿತ್ತು. ಹಳೆಯ ಬಂಕಿಗೆ ಹೋಗಿ, ಆ ದಿನ ಎಷ್ಟು ಜನರೆದುರಿಗೆ ಆಡಿದ್ದೆವೋ ಅಷ್ಟು ಜನರೆದುರಿಗೇ, ತಪ್ಪು ನಮ್ಮದೆಂದು ಹುಡುಗನಿಗೆ ತಿಳಿಸಿದೆವು. ಅವನು ಸಂಕೋಚದಿಂದ ನಕ್ಕು, “ನೀವು ಬಂದಾಗಲೆಲ್ಲ ಮುಚ್ಚಳ ತೆಗೆದರೆ ಬುಸ್ಸೆನ್ನುತ್ತಿತ್ತು ಮೇಷ್ಟ್ರೇ. ಅದನ್ನೇ ಅವತ್ತು ಹೇಳೋಣವೆಂದಿದ್ದೆ. ನೀವು ಕೋಪದಲ್ಲಿದ್ದಿರಿ” ಎಂದನು.

ವಾಚಕ ಮಹಾಶಯರೇ, ಯಂತ್ರದ ದೋಷವನ್ನು ಬಲ್ಲ ಸಾಕ್ಷಿಯು ಮೊದಲಿನಿಂದಲೂ ನಮ್ಮ ಎದುರಿಗೇ ನಿಂತಿದ್ದನು. ಅವನ ಬಾಯಿ ಮುಚ್ಚಿಸಿದವರು ನಾವೇ. ನಿಮ್ಮ ವಾಹನವು ತಡವರಿಸಿದರೆ ಮೊದಲು ಬದಿಗೆ ಬಂದು ನಿಲ್ಲಿ, ಬರೆದಿಡಿ, ಒಂದೊಂದಾಗಿ ಪರೀಕ್ಷಿಸಿ, ಎಲ್ಲಕ್ಕಿಂತ ಹೆಚ್ಚಾಗಿ, ಮಳೆ ಹಿಡಿದ ಮೇಲೆ ನೀವೇ ಹೊಸದಾಗಿ ಏನನ್ನು ಮಾಡಿದಿರೆಂದು ಕೇಳಿಕೊಳ್ಳಿ. ಇನ್ನೊಬ್ಬರನ್ನು ಕೇಳುವುದಾದರೆ, ಉತ್ತರ ಬರುವವರೆಗೆ ಕಾಯಿರಿ.