ವಿದ್ಯಾರ್ಥಿ ರಂಗಭೂಮಿ ಮತ್ತು ಹೆಣ್ಣಿನ ಕಥೆ: ತೂಬಗೆರೆ ಸೀಮೆಯಿಂದ ‘ನಾಗಮಂಡಲ’ದ ಓದು

ಹೆಣ್ಣಿನ ಬದುಕಿನ ಬಿಕ್ಕಟ್ಟುಗಳನ್ನು ನೇರವಾಗಿ ಎತ್ತಿಕೊಳ್ಳುವ ನಾಟಕವನ್ನು ವಿದ್ಯಾರ್ಥಿಗಳ ತಂಡವೊಂದು ಹಳ್ಳಿಯಲ್ಲಿ ಆಡಿದಾಗ ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಇಂಥ ವಸ್ತು ನಮ್ಮ ಸಂಸ್ಕೃತಿಗೆ ಹೊರಗಿನದು ಎಂಬುದು ಒಂದು. ಹಳ್ಳಿಯ ಜನಕ್ಕೆ ಇಂಥ ನಾಟಕಗಳಿಂದಲೇ ತಿಳಿವಳಿಕೆ ಬರಬೇಕು ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಂಡರೂ ಎರಡರ ಹಿಂದೆಯೂ ಇರುವ ಗ್ರಹಿಕೆ ಒಂದೇ. ದಿಟ್ಟತನ ಓದಿದವರದು, ಮೌನ ಹಳ್ಳಿಯ ಹೆಣ್ಣುಮಕ್ಕಳದು ಎಂಬುದೇ ಆ ಗ್ರಹಿಕೆ. ಜನಪದ ಕಥೆಗಳ ಸಾಮಗ್ರಿ ಇದನ್ನು ಸಮರ್ಥಿಸುವುದಿಲ್ಲ. ಒಲೆಯ ಮುಂದೆ ಬಹುಕಾಲದಿಂದ ಆಡುತ್ತ ಬಂದ ಮಾತು ವಿದ್ಯಾರ್ಥಿ ರಂಗಭೂಮಿಯಲ್ಲಿ ಊರ ಮುಂದೆ ಬರುತ್ತದೆ. ಈ ಸ್ಥಳಾಂತರದಲ್ಲಿ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದನ್ನು ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ತೂಬಗೆರೆ ಸೀಮೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ತೂಬಗೆರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಪ್ರಸಿದ್ಧ ನಾಗಕ್ಷೇತ್ರವಾದ ಘಾಟಿ ಸುಬ್ರಹ್ಮಣ್ಯ ಈ ಹೋಬಳಿಗೆ ಸೇರಿದೆ. ಇಲ್ಲಿ ಏಳು ಹೆಡೆಯ ಸುಬ್ರಹ್ಮಣ್ಯ ಪೂರ್ವಾಭಿಮುಖವಾಗಿದ್ದಾನೆ. ಅವನ ಬೆನ್ನಿಗೆ ಪಶ್ಚಿಮಾಭಿಮುಖವಾಗಿ ನರಸಿಂಹನಿದ್ದಾನೆ. ಭಕ್ತರು ಅವನನ್ನು ಹಿಂದೆ ಇರಿಸಿದ ಕನ್ನಡಿಯಲ್ಲಿ ದರ್ಶಿಸುತ್ತಾರೆ. ಮಕ್ಕಳಿಲ್ಲದವರು ಹರಕೆ ಹೊತ್ತು ಪ್ರತಿಷ್ಠಾಪಿಸಿದ ನಾಗರಕಲ್ಲುಗಳು ಕ್ಷೇತ್ರದ ಸುತ್ತ ಹರಡಿಕೊಂಡಿವೆ. ಪುಷ್ಯಮಾಸದ ರಥೋತ್ಸವ ಮತ್ತು ದನಗಳ ಜಾತ್ರೆ ಸುತ್ತಲ ಸೀಮೆಯ ಜನರನ್ನು ಇಲ್ಲಿಗೆ ತರುತ್ತವೆ. ನಾಗರಪಂಚಮಿಯಂದು ಹುತ್ತಕ್ಕೆ ತನಿ ಎರೆಯುವ ಆಚರಣೆ ಹಳೆಯ ಮೈಸೂರು ಭಾಗದ ಹಳ್ಳಿಗಳಲ್ಲಿ ಬಹುತೇಕ ಹೆಂಗಸರ ಕೈಯಲ್ಲೇ ಇದೆ. ಸಂತಾನ, ಮುತ್ತೈದೆತನ, ತವರಿನ ಕ್ಷೇಮ, ಇವೆಲ್ಲವನ್ನೂ ಹೆಣ್ಣು ಹುತ್ತದ ಮುಂದೆ ನಿಂತೇ ಬೇಡುತ್ತಾಳೆ. ಇಂಥ ಪರಿಸರದಲ್ಲಿ ನಾಗ ಒಂದು ರಂಗಪ್ರತಿಮೆ ಮಾತ್ರವಾಗಿರಲು ಸಾಧ್ಯವಿಲ್ಲ.

ಕಾರ್ನಾಡರು ‘ನಾಗಮಂಡಲ’ವನ್ನು ರಚಿಸಿದ್ದು 1987–88ರಲ್ಲಿ, ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಅವಧಿಯಲ್ಲಿ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಕನ್ನಡ ಜನಪದ ಕಥೆಗಳು ಅದರ ಆಧಾರ. 1993ರಲ್ಲಿ ಅಮೆರಿಕದ ಗಥ್ರಿ ರಂಗಮಂದಿರದಲ್ಲಿ ಪ್ರದರ್ಶನಗೊಂಡ ಈ ಕೃತಿ, 1997ರಲ್ಲಿ ಟಿ.ಎಸ್. ನಾಗಾಭರಣರ ನಿರ್ದೇಶನದಲ್ಲಿ ಚಲನಚಿತ್ರವೂ ಆಯಿತು. ಕಾಲೇಜು ರಂಗತಂಡಗಳು ಮತ್ತೆ ಮತ್ತೆ ಎತ್ತಿಕೊಂಡ ನಾಟಕಗಳಲ್ಲಿ ಇದೂ ಒಂದು.

ಆಧಾರವಾದ ಎರಡು ಕಥೆಗಳಲ್ಲಿ ಮೊದಲನೆಯದು ಹೇಳದೆ ಉಳಿದ ಕಥೆಯನ್ನು ಕುರಿತದ್ದು. ಗೃಹಿಣಿಯೊಬ್ಬಳಿಗೆ ಒಂದು ಕಥೆ ಮತ್ತು ಒಂದು ಹಾಡು ಗೊತ್ತಿರುತ್ತದೆ. ಅವಳು ಯಾರಿಗೂ ಹೇಳುವುದಿಲ್ಲ, ಹಾಡುವುದಿಲ್ಲ. ಉಸಿರುಗಟ್ಟಿದ ಕಥೆ ಮತ್ತು ಹಾಡು ಅವಳು ಮಲಗಿದ್ದಾಗ ತೆರೆದ ಬಾಯಿಂದ ಹೊರಬಿದ್ದು, ಒಂದು ಅಂಗಿಯಾಗಿ, ಇನ್ನೊಂದು ಜೋಡಾಗಿ ಮನೆಯ ಬಾಗಿಲಲ್ಲಿ ಕೂರುತ್ತವೆ. ಗಂಡನಿಗೆ ಅನುಮಾನ ಬರುತ್ತದೆ, ಜಗಳವಾಗುತ್ತದೆ. ರಾತ್ರಿ ಗುಡಿಯಲ್ಲಿ ಮಲಗಿದ ಗಂಡನಿಗೆ, ಅಲ್ಲಿ ನೆರೆದ ಊರಿನ ದೀಪಗಳ ಮಾತಿನಿಂದ ನಿಜ ತಿಳಿಯುತ್ತದೆ. ಅದುಮಿಟ್ಟ ಮಾತು ಅದುಮಿಟ್ಟವಳ ಮೇಲೆಯೇ ತಿರುಗಿಬೀಳುತ್ತದೆ ಎಂಬ ತಿಳಿವು ಇಲ್ಲಿದೆ. ಕಾರ್ನಾಡರು ಇದನ್ನೇ ನಾಟಕದ ಚೌಕಟ್ಟಾಗಿ ಮಾಡಿಕೊಂಡಿದ್ದಾರೆ.

ಎರಡನೆಯದು ನಾಗ–ಪ್ರಿಯಕರನ ಕಥೆ. ನಾಟಕದಲ್ಲಿ ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ಕುರುಡವ್ವ ಕೊಟ್ಟ ವಶೀಕರಣದ ಬೇರನ್ನು ಅರೆದು ಹಾಕಿದ ಸಾರು ಹುತ್ತದ ಪಾಲಾಗುತ್ತದೆ. ನಾಗ ಗಂಡನ ರೂಪದಲ್ಲಿ ರಾತ್ರಿ ಬರುತ್ತಾನೆ. ರಾಣಿ ಗರ್ಭಿಣಿಯಾದಾಗ ಅಪ್ಪಣ್ಣ ಪಂಚಾಯಿತಿ ಸೇರಿಸುತ್ತಾನೆ. ಅವಳು ಹುತ್ತಕ್ಕೆ ಕೈಯಿಟ್ಟು ನಾಗರವನ್ನು ಹಿಡಿದು, ಗಂಡನನ್ನೂ ಈ ನಾಗರವನ್ನೂ ಬಿಟ್ಟು ಬೇರೆ ಯಾವ ಗಂಡಸನ್ನೂ ಮುಟ್ಟಿಲ್ಲವೆಂದು ಪ್ರಮಾಣ ಮಾಡುತ್ತಾಳೆ. ನಾಗ ಹೆಡೆಬಿಚ್ಚಿ ನೆರಳಾಗುತ್ತದೆ. ತೀರ್ಪು ಕೊಡಲು ಕುಳಿತವರೇ ಅವಳನ್ನು ದೇವಿಯೆಂದು ಅಡ್ಡಬೀಳುತ್ತಾರೆ.

ಈ ಪ್ರಮಾಣವನ್ನು ಸೂಕ್ಷ್ಮವಾಗಿ ಗಮನಿಸಬೇಕು. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಅದು ಪಂಚಾಯಿತಿ ಕೇಳಬಯಸಿದ ಉತ್ತರವೂ ಅಲ್ಲ. ಶೀಲದ ಪರೀಕ್ಷೆಗೆ ಒಡ್ಡಿದ ವಿಧಿಯನ್ನೇ ಬಳಸಿ ಹೆಣ್ಣು ಪರೀಕ್ಷಕರನ್ನು ಮೀರುತ್ತಾಳೆ. ಪುರುಷಕೇಂದ್ರಿತ ಕಥೆಗಳು ಸಾಮಾನ್ಯವಾಗಿ ಮದುವೆಯಲ್ಲಿ ಮುಗಿಯುತ್ತವೆ, ಸ್ತ್ರೀಕೇಂದ್ರಿತ ಕಥೆಗಳಲ್ಲಿ ಹೆಣ್ಣಿನ ಕಷ್ಟ ಮದುವೆಯೊಂದಿಗೇ ತೊಡಗುತ್ತದೆ ಎಂದು ರಾಮಾನುಜನ್ ಗುರುತಿಸಿದ್ದಾರೆ. ಕುಟುಂಬ, ಪಾತಿವ್ರತ್ಯ, ಕರ್ಮಗಳ ಬಗ್ಗೆ ಶಿಷ್ಟ ಪರಂಪರೆ ಹೇಳುವುದಕ್ಕಿಂತ ಬೇರೆಯದೇ ಆದ ಪರ್ಯಾಯ ವ್ಯವಸ್ಥೆಯೊಂದನ್ನು ಅವರು ಈ ಕಥೆಗಳಲ್ಲಿ ಕಂಡರು. ಅಂದರೆ ‘ನಾಗಮಂಡಲ’ದ ದಿಟ್ಟತನ ನಾಟಕಕಾರರು ಹೊರಗಿನಿಂದ ತಂದು ಸೇರಿಸಿದ್ದಲ್ಲ. ಮೊಮ್ಮಕ್ಕಳಿಗೆ ತುತ್ತು ಕೊಡುತ್ತ ಕಥೆ ಹೇಳಿದ ಅಜ್ಜಿಯರಲ್ಲೇ ಅದು ಇತ್ತು.

ಆದರೆ ಅಜ್ಜಿಗೆ ಇದ್ದ ಮರೆ ರಂಗದ ಮೇಲಿನ ಹುಡುಗಿಗೆ ಇಲ್ಲ. ಈ ವ್ಯತ್ಯಾಸ ತಿಳಿಯಲು ರಂಗದ ಹಿನ್ನೆಲೆಯನ್ನು ನೋಡಬೇಕು. ಕನ್ನಡದ ಆರಂಭದ ಸಾಮಾಜಿಕ ನಾಟಕವೆಂದು ಹೆಸರಾದ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ (1887) ಕನ್ಯಾವಿಕ್ರಯದ ಸಮಸ್ಯೆಯನ್ನು ಕುರಿತದ್ದು. ವಸ್ತುವಾಗಿ ಹೆಣ್ಣು ಅಷ್ಟು ಹಿಂದೆಯೇ ರಂಗಕ್ಕೆ ಬಂದರೂ ನಟಿಯಾಗಿ ಬರುವುದು ಸುಲಭವಾಗಲಿಲ್ಲ. ಬಯಲುಸೀಮೆಯ ಮೂಡಲಪಾಯದಲ್ಲಿ ಸ್ತ್ರೀಪಾತ್ರಗಳನ್ನು ಸಾಂಪ್ರದಾಯಿಕವಾಗಿ ಗಂಡಸರೇ ಕಟ್ಟುತ್ತಿದ್ದರು. ಹಳ್ಳಿಯ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ಮೇಷ್ಟ್ರ ಜೊತೆಗೆ ನಟಿಯರನ್ನೂ ಸಂಭಾವನೆ ಕೊಟ್ಟು ಹೊರಗಿನಿಂದ ಕರೆಸುವುದು ರೂಢಿಯಾಯಿತು. 1958ರಲ್ಲಿ ಆರ್. ನಾಗರತ್ನಮ್ಮನವರು ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸ, ರಾವಣನಂಥ ಪಾತ್ರಗಳನ್ನೂ ಹೆಂಗಸರೇ ಅಭಿನಯಿಸುವಂತೆ ಮಾಡಿದ್ದು ಈ ಇತಿಹಾಸದ ಮಹತ್ವದ ತಿರುವು. ಆದರೂ ಊರಿನ ಹುಡುಗಿ ತನ್ನೂರಿನ ಅಟ್ಟಣೆ ಏರುವ ಸಂದರ್ಭ ವಿರಳವಾಗಿಯೇ ಉಳಿಯಿತು.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ಶಾಲಾ ಕಾಲೇಜುಗಳ ರಂಗ. ವಾರ್ಷಿಕೋತ್ಸವ, ಅಂತರ ಕಾಲೇಜು ಸ್ಪರ್ಧೆ, 1969ರಲ್ಲಿ ಆರಂಭಗೊಂಡ ರಾಷ್ಟ್ರೀಯ ಸೇವಾ ಯೋಜನೆಯ ಗ್ರಾಮ ಶಿಬಿರಗಳ ಸಂಜೆಯ ಕಾರ್ಯಕ್ರಮ, ಇವು ವಿದ್ಯಾರ್ಥಿನಿಯರಿಗೆ ವೇದಿಕೆ ಒದಗಿಸಿದವು. ವೃತ್ತಿನಟಿ ನಾಟಕ ಮುಗಿಸಿ ಬೆಳಗಿನ ಬಸ್ಸು ಹಿಡಿಯುತ್ತಾಳೆ. ವಿದ್ಯಾರ್ಥಿನಿ ಅದೇ ಬೀದಿಯಲ್ಲಿ ಮನೆಗೆ ನಡೆದು ಹೋಗಬೇಕು. ಅವಳು ಆಡಿದ ಪಾತ್ರ ಅವಳ ಹೆಸರಿಗೆ ಅಂಟಿಕೊಳ್ಳಬಹುದು, ಹೆಣ್ಣು ನೋಡಲು ಬಂದವರ ಮಾತಿನಲ್ಲಿ ಸುಳಿಯಬಹುದು. ವಿದ್ಯಾರ್ಥಿ ರಂಗಭೂಮಿಯ ದಿಟ್ಟತನವನ್ನು ಅಳೆಯುವಾಗ ನಾಟಕದ ಪಠ್ಯವನ್ನು ಮಾತ್ರ ನೋಡಿದರೆ ಸಾಲದು. ಅದನ್ನು ಆಡಿದವಳು ತೆತ್ತ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಲೆಯ ಮುಂದಿನ ಕಥನದಲ್ಲಿ ಕೇಳುವವರು ಹೆಂಗಸರು ಮತ್ತು ಮಕ್ಕಳು. ಹೇಳುವವಳು ಇದು ತನ್ನ ಮಾತಲ್ಲ, ಹಿಂದಿನವರು ಹೇಳಿದ ಕಥೆ ಎಂಬ ರಕ್ಷಣೆಯಲ್ಲಿರುತ್ತಾಳೆ. ಕಥೆ ಕೊನೆಯಲ್ಲಿ ಉಪದೇಶಕ್ಕೆ ಇಳಿಯಬೇಕೆಂದಿಲ್ಲ. ಅದು ರಂಗಕ್ಕೆ ಬಂದಾಗ ಸಭೆ ಬದಲಾಗುವುದನ್ನು ತಡೆಯಲಾಗದು. ಆದರೆ ಉಳಿದೆರಡನ್ನು ಉಳಿಸಿಕೊಳ್ಳಬಹುದು. ‘ನಾಗಮಂಡಲ’ದ ದೀಪಗಳ ಚೌಕಟ್ಟು ಈ ಕೆಲಸವನ್ನೇ ಮಾಡುತ್ತದೆ. ರಾಣಿಯ ವೃತ್ತಾಂತವನ್ನು ಕಥೆಯೇ ಹೇಳುತ್ತದೆ. ನಟಿ ಅದರ ವಾಹಕಿ ಮಾತ್ರ. ಸಮಯ ಉಳಿಸಲೆಂದು ಈ ಭಾಗವನ್ನು ಕತ್ತರಿಸಿದರೆ ನಟಿಗಿದ್ದ ಮರೆ ಹೋಗುತ್ತದೆ. ಕೊನೆಗೊಂದು ಸಂದೇಶದ ಭಾಷಣ ಜೋಡಿಸಿದರೆ ಕಥೆಯ ಬಲವೇ ಹೋಗುತ್ತದೆ. ನಾಟಕ ತನ್ನ ಮುಕ್ತಾಯವನ್ನೂ ಒಂದಕ್ಕೇ ಕಟ್ಟಿಹಾಕಿಲ್ಲ: ಒಂದರಲ್ಲಿ ನಾಗ ಸಾಯುತ್ತಾನೆ, ಇನ್ನೊಂದರಲ್ಲಿ ರಾಣಿಯ ಕೂದಲಲ್ಲಿ ನೆಲೆಸುತ್ತಾನೆ. ಆಯ್ಕೆಯನ್ನು ಪ್ರೇಕ್ಷಕರಿಗೆ ಬಿಡುವುದು ಹೇಳುವವರಿಗೂ ಕ್ಷೇಮ, ಕೇಳುವವರಿಗೂ ಗೌರವ.

ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ (1972) ಇದೇ ಬಗೆಯ ಇನ್ನೊಂದು ನಿದರ್ಶನ. ಭಾದ್ರಪದದಲ್ಲಿ ಹೆಂಗಸರು ಬುಟ್ಟಿಯಲ್ಲಿ ಹೊತ್ತು ಹಾಡುವ ಉತ್ತರ ಕರ್ನಾಟಕದ ಫಲವಂತಿಕೆಯ ಆಚರಣೆ, ಅಲ್ಲಿ ಗೌಡತಿಯ ಬಯಕೆಗೆ ಮಾತು ಕೊಡುತ್ತದೆ. ಎರಡೂ ಕೃತಿಗಳಲ್ಲಿ ಆಚರಣೆಯ ಒಪ್ಪಿಗೆ ಪಡೆದೇ ಹೆಣ್ಣಿನ ಮಾತು ಹೊರಬರುತ್ತದೆ.

ಆದ್ದರಿಂದ ತೂಬಗೆರೆಯಂಥ ಕಡೆ ಈ ನಾಟಕ ಆಡಲು ಹೊರಡುವ ತಂಡ ತನ್ನ ತಾಲೀಮನ್ನು ಊರಿನ ಹಿರಿಯ ಹೆಂಗಸರ ಬಳಿಯಿಂದ ತೊಡಗುವುದು ಉಚಿತ. ತನಿ ಎರೆಯುವ ಕ್ರಮ, ನಾಗರಕಲ್ಲಿನ ಹರಕೆ, ನಾಗರ ಕಥೆಗಳ ಸ್ಥಳೀಯ ಪಾಠಾಂತರಗಳು ಅಲ್ಲಿ ದೊರೆಯುತ್ತವೆ. ಹಾಗೆ ಮಾಡಿದಾಗ ಹಳ್ಳಿಗೆ ತಿಳಿವಳಿಕೆ ಕೊಡುವ ಧೋರಣೆ ತಾನಾಗಿಯೇ ಸಡಿಲಗೊಳ್ಳುತ್ತದೆ. ವಿದ್ಯಾರ್ಥಿ ಪ್ರಯೋಗಗಳು ಕಾಲೇಜು ಸಂಚಿಕೆಯ ಬಹುಮಾನ ಪಟ್ಟಿಯಲ್ಲಿ ಒಂದು ಸಾಲಾಗಿ ಮುಗಿದುಹೋಗುವುದುಂಟು. ಪ್ರಯೋಗದ ಪಠ್ಯ, ಬಿಟ್ಟ ಮತ್ತು ಸೇರಿಸಿದ ಭಾಗಗಳು, ನಟಿಯರ ಮತ್ತು ನೋಡಿದ ಹೆಂಗಸರ ಮಾತು ಗ್ರಂಥಾಲಯಗಳನ್ನು ಸೇರಬೇಕು. ಆಯಾ ವಿದ್ಯಾರ್ಥಿನಿಯರ ಒಪ್ಪಿಗೆ ಪಡೆದು, ಅವರು ಬಯಸಿದಲ್ಲಿ ಹೆಸರನ್ನು ಮರೆಯಾಗಿಟ್ಟು ಈ ದಾಖಲೀಕರಣ ನಡೆಯಬೇಕಾದುದು ಸಂಶೋಧಕರ ಹೊಣೆ.